ನೂರಾ ಎರಡು ಡಿಗ್ರಿ ಸೆಲ್ಸಿಯಸ್

ವಿಜ್ಞಾನ ಪತ್ರಿಕೆಯೊಂದರಲ್ಲಿ ಲೇಖಕರ ಅಳತೆಗಳನ್ನು ತಿದ್ದುವುದು ನನ್ನ ಹೊಟ್ಟೆಪಾಡು. ಘನ ಪಂಡಿತರು ‘ಮಾದರಿಯ ತೂಕ ಐದು’ ಎಂದು ಬರೆದು ಕೈತೊಳೆದುಕೊಳ್ಳುತ್ತಾರೆ. ಐದು ಏನು ಸ್ವಾಮಿ? ಗ್ರಾಮೋ, ಕಿಲೋಗ್ರಾಮೋ, ಕುಂಬಳಕಾಯಿಯೋ? ಮಾನವಿಲ್ಲದ ಅಂಕಿ ಬಟ್ಟೆಯಿಲ್ಲದೆ ಬೀದಿಗೆ ಬಂದ ಹಾಗೆ. ಅಂಥವನ್ನು ಹಿಡಿದು ಕೆಂಪು ಶಾಯಿಯ ಬಟ್ಟೆ ತೊಡಿಸುವವನು ನಾನು. (ಅಂಕಿಯ ಅಕ್ಕಪಕ್ಕದ ವಾಕ್ಯ ನನ್ನ ಇಲಾಖೆಯಲ್ಲ.) ಇಷ್ಟು ಸೇವೆಗೆ ಕಚೇರಿಯವರು ದಯಪಾಲಿಸಿದ ಬಿರುದು ‘ತಕ್ಕಡಿ’.

ಮನೆಯಲ್ಲೂ ನನಗೆ ಅಷ್ಟೇ ಮರ್ಯಾದೆ.

“ರೀ, ಈ ಮೇಜು ಒಂದಡಿ ಆಚೆ ಸರಿಸ್ರೀ.”

“ವಿಜ್ಞಾನದಲ್ಲಿ ಅಡಿ ಅನ್ನೋದೇ ಇಲ್ಲ ಕಣೆ.”

“ನಿಮ್ಮ ಮೀಟರಲ್ಲೇ ಸರಿಸಿ. ಮೊದಲು ಕುರ್ಚಿ ಬಿಟ್ಟು ಏಳಿ!”

ನನ್ನ ಹೆಂಡತಿ ಮಕ್ಕಳ ಆಸ್ಪತ್ರೆಯಲ್ಲಿ ನರ್ಸ್. ಜ್ವರ ಬಂದ ಮಗುವಿನ ಆರೈಕೆಯ ಬಗ್ಗೆ ನಮ್ಮ ಪತ್ರಿಕೆಗೆ ಲೇಖನ ಬರೆದಳು. ಓದುಗರಿಗೆ ಹಿಡಿಸಿದರೆ ತಿಂಗಳಿಗೊಂದು ಅಂಕಣ ಕೊಡುವುದಾಗಿ ಸಂಪಾದಕರು ಆಸೆ ಹುಟ್ಟಿಸಿದ್ದರು. ಡ್ಯೂಟಿಗೆ ಹೊರಡುವ ಮುಂಚೆ, ಒಲೆಯ ಪಕ್ಕ ನಿಂತುಕೊಂಡೇ ಬರೆದು, ಹೊಡೆದುಹಾಕಿ, ಮತ್ತೆ ಬರೆದಳು. ಆಮೇಲೆ ನನ್ನ ಕೈಗಿತ್ತಳು.

ಪೆನ್ನು ಹಿಡಿದು ಬೇಟೆಗಿಳಿದೆ. ಸಿಕ್ಕಿತು! ‘ಮಗುವಿನ ಮೈ ನೂರಾ ಎರಡು ಡಿಗ್ರಿ ಇದ್ದರೆ ಗಾಬರಿಯಾಗಬೇಡಿ.’ ಯಾವ ಡಿಗ್ರಿ? ನನ್ನ ಸ್ವಂತ ಮನೆಯಲ್ಲೇ ಬತ್ತಲೆ ಅಂಕಿ! ನಮ್ಮ ಪತ್ರಿಕೆಯ ಕಟ್ಟಳೆಯಂತೆ ಪಕ್ಕದಲ್ಲಿ ‘ಸೆಲ್ಸಿಯಸ್’ ಎಂದು ಬರೆದು ನೇರ ಅಚ್ಚಿಗೆ ಕಳಿಸಿದೆ.

“ಹೇಗಿದೆ?” ಎಂದಳು.

“ಒಂದೇ ತಪ್ಪಿತ್ತು. ತಿದ್ದಿದೀನಿ.”

“ಅದಲ್ಲ ರೀ. ಲೇಖನ ಹೇಗಿದೆ?”

“ಚೆನ್ನಾಗಿದೆ, ಚೆನ್ನಾಗಿದೆ.”

ಅಚ್ಚಾದ ಮೇಲೆ ಕಚೇರಿಯ ಫೋನಿಗೆ ಬಿಡುವಿಲ್ಲ. ‘ನೀರೇ ನೂರಕ್ಕೆ ಕುದಿಯುತ್ತಲ್ರೀ! ಆ ಮಗುವನ್ನ ಎತ್ತಿಕೊಳ್ಳೋಕೆ ಇಕ್ಕಳ ಬೇಕಾ?’ ಎಂದು ಕೇಳಿದವರೆಷ್ಟೋ. ಆಸ್ಪತ್ರೆಯಲ್ಲಿ ಅವಳ ಜೊತೆಯವರು ನಿಜವಾಗಿಯೂ ಒಂದು ಇಕ್ಕಳ ತಂದು ಅವಳ ಮೇಜಿನ ಮೇಲಿಟ್ಟು ನಕ್ಕರಂತೆ. ಅವಳು ಮನೆಗೆ ಬಂದು ಪತ್ರಿಕೆಯನ್ನು ನನ್ನ ಮುಂದೆ ಹಾಕಿದಳು.

“ಫ್ಯಾರನ್‌ಹೀಟ್ ಅಂತ ನಿಮಗೆ ಹೊಳೀಲಿಲ್ವಾ?”

“ನೀನು ಬರೆದಿರಲಿಲ್ಲ...”

“ಮಗುವಿನ ಮೈ ಅಂತ ಬರೆದಿದ್ನಲ್ಲ!”

“ನನಗೆ ಅಂಕಿ ಕಾಣಿಸ್ತು.”

“ನೀವು ಓದೇ ಇಲ್ಲ, ಅಲ್ವಾ? ಮೊದಲನೇ ಪ್ಯಾರಾ ನಿಮ್ಮ ಬಗ್ಗೇನೇ ಇತ್ತು. ನಮ್ಮ ಪಾಪುಗೆ ಜ್ವರ ಬಂದಾಗ ಹೆಗಲಿಂದ ಇಳಿಸದೆ ಓಡಾಡಿದ್ರಲ್ಲ, ಅದು.”

ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಸಂಪಾದಕರು ಅವಳಿಗೇ ಫೋನ್ ಮಾಡಿದರು. “ತಪ್ಪು ನಮ್ದು ಮೇಡಂ, ಅಂಕಣ ನಿಮ್ದೇ. ಹಾಗೇ ತಕ್ಕಡಿ ತಿದ್ದಿದ ಪುಟಗಳನ್ನ ಅಚ್ಚಿಗೆ ಮುಂಚೆ ಒಮ್ಮೆ ಓದಿಕೊಡ್ತೀರಾ? ವಾಕ್ಯ ಓದೋರು ಒಬ್ಬರು ಬೇಕಾಗಿದೆ.” ಈಗ ನನ್ನ ಕೆಂಪು ಶಾಯಿಯ ಮೇಲೆ ಅವಳ ಹಸಿರು ಶಾಯಿ ಓಡಾಡುತ್ತದೆ.

ಮೊನ್ನೆ ನನಗೇ ಜ್ವರ ಬಂತು. ಥರ್ಮಾಮೀಟರನ್ನು ಬೆಳಕಿಗೆ ಹಿಡಿದು ನೋಡಿದಳು.

“ಎಷ್ಟೇ?”

“ನೂರಾ ಎರಡು.”

“ತಲೆ ಸಿಡೀತಾ ಇದೆ. ಹಣೆ ಮೇಲೆ ಸ್ವಲ್ಪ ಕೈ ಇಡೇ.”

“ನಿಮ್ಮ ಲೆಕ್ಕದಲ್ಲಿ ಈಗ ಮುಟ್ಟೋ ಹಾಗಿಲ್ಲ ರೀ. ಆರಲಿ, ಬರ್ತೀನಿ,” ಎಂದು ಅಂಕಣ ಬರೆಯಲು ಅಡುಗೆಮನೆಗೆ ಹೋದಳು.