ಅಜ್ಜಿಯನ್ನು ಕೂರಿಸಿದ್ದು

ನಮ್ಮ ಮನೆತನದ ಗಂಡಸರಿಗೆ ಹೆಂಗಸರ ಮೇಲೆ ಅಪಾರ ಗೌರವ. ಇದನ್ನು ನಾನು ಹೇಳುತ್ತಿಲ್ಲ, ಅವರೇ ಹೇಳುತ್ತಾರೆ. ಪ್ರತಿ ಔತಣದಲ್ಲೂ ಎದ್ದು ನಿಂತು, ವೈನ್ ಗ್ಲಾಸು ಎತ್ತಿ, ಕಣ್ಣಲ್ಲಿ ನೀರು ತುಂಬಿಕೊಂಡು ಹೇಳುತ್ತಾರೆ.

ನಾವು ಜಾರ್ಜಿಯಾದವರು, ನಮ್ಮಲ್ಲಿ ಸುಮ್ಮನೆ ಕುಡಿಯುವ ಹಾಗಿಲ್ಲ. ಊಟದ ಮೇಜಿಗೊಬ್ಬ ತಮಾದಾ ಇರುತ್ತಾನೆ. ಅವನು ಹಾರೈಕೆಯ ಭಾಷಣ ಮುಗಿಸುವವರೆಗೆ ಯಾರೂ ಗುಟುಕು ಕುಡಿಯಬಾರದು, ತುತ್ತು ಎತ್ತಬಾರದು, ಮೇಜು ಬಿಟ್ಟು ಕದಲಬಾರದು. (ಹೆಂಗಸರಿಗೆ ಈ ನಿಯಮ ತಾಗುವುದಿಲ್ಲ. ಕದಲಬೇಕಾದರೆ ಮೊದಲು ಕೂತಿರಬೇಕಲ್ಲ!) ಮೊದಲ ಹಾರೈಕೆ ಶಾಂತಿಗೆ, ಆಮೇಲೆ ತಾಯ್ನಾಡಿಗೆ, ತೀರಿಹೋದವರಿಗೆ, ಮಕ್ಕಳಿಗೆ, ಹೀಗೆ ಸಾಗಿ ಹತ್ತನೆಯದು ನೆರೆಹೊರೆಯವರಿಗೆ, ಹನ್ನೊಂದನೆಯದು ಹೆಂಗಸರಿಗೆ. ಆ ಹೊತ್ತಿಗೆ ಹೆಂಗಸರೆಲ್ಲ ಅಡುಗೆಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ತಟ್ಟೆ ತೊಳೆಯುತ್ತಿರುತ್ತಾರೆ. ಗಂಡಸರು ಬಾಗಿಲ ಕಡೆ ಗ್ಲಾಸು ತೋರಿಸಿ ಕುಡಿದುಬಿಡುತ್ತಾರೆ.

ನನ್ನ ಅಜ್ಜಿ ಲಾಮಾರಾ, ತಾತ ವಾಲಿಕೋ. ಮದುವೆಯಾಗಿ ಅರವತ್ತು ವರ್ಷ. ನಮ್ಮೂರು ಕುತಾಯಿಸಿ ಬಿಟ್ಟು ಗ್ರೀಸಿನ ಈ ಸಲೋನಿಕಾಗೆ ಬಂದು ಮೂವತ್ತು ದಾಟಿತು. ತಾತ ಇಡೀ ಬಳಗದ ಖಾಯಂ ತಮಾದಾ. ಅರವತ್ತು ವರ್ಷಗಳಲ್ಲಿ ಅವನು ಹನ್ನೊಂದನೆಯ ಹಾರೈಕೆಯನ್ನು ಎಷ್ಟು ಸಲ ಹೇಳಿದ್ದಾನೋ ಲೆಕ್ಕವಿಲ್ಲ, ಅಜ್ಜಿ ಅದನ್ನು ಒಂದು ಸಲವೂ ಕೇಳಿಲ್ಲ.

ಈ ಐತಿಹಾಸಿಕ ಅನ್ಯಾಯವನ್ನು ಸರಿಪಡಿಸಲು ನಾನು ತೀರ್ಮಾನಿಸಿದೆ. ಅರವತ್ತನೆಯ ವಾರ್ಷಿಕೋತ್ಸವದ ಭಾನುವಾರದ ಊಟ ನಮ್ಮ ಮನೆಯಲ್ಲಿ. ಅಜ್ಜಿ ತಾತನ ಪಕ್ಕದಲ್ಲೇ ಕೂರಬೇಕು, ಹನ್ನೊಂದನೆಯದನ್ನು ಕಿವಿಯಾರೆ ಕೇಳಬೇಕು. ಅಲ್ಲಿಯವರೆಗೆ ಏಳುವಂತಿಲ್ಲ.

"ಯಾವುದಾದ್ರೂ ಹೋಟೆಲಿಗೆ ಹೋಗೋಣ ನಾತಿಯಾ," ಎಂದ ನನ್ನ ಗಂಡ ಲೆಫ್ತೆರಿಸ್. ಅವನು ಗ್ರೀಕ, ಸಮಸ್ಯೆಯ ಆಳ ಅವನಿಗೆ ತಿಳಿಯದು.

"ನಮ್ಮ ಮದುವೆ ದಿನ ಅಜ್ಜಿ ಎಲ್ಲಿದ್ಳು ಹೇಳು?"

"ಹೋಟೆಲಿನ ಅಡುಗೆಮನೇಲಿ," ಎಂದ ಲೆಫ್ತೆರಿಸ್, ನೆನಪಿಸಿಕೊಂಡು. "ಬಾಣಸಿಗನಿಗೆ ಬೈತಿದ್ರು."

ಅಜ್ಜಿಯನ್ನು ಒಪ್ಪಿಸುವುದೇ ದೊಡ್ಡ ರಾಯಭಾರವಾಯಿತು.

"ಕೂತ್ಕೊಂಡು ಏನ್ ಮಾಡ್ಲೇ?"

"ಕೇಳು. ತಾತ ನಿನ್ನ ಬಗ್ಗೆ ಏನ್ ಹೇಳ್ತಾನೆ ಅಂತ."

"ಅರವತ್ತು ವರ್ಷದಿಂದ 'ಏ ಇವಳೇ' ಅಂತಾನೆ. ಅದಕ್ಕಿಂತ ಜಾಸ್ತಿ ಏನ್ ಹೇಳ್ತಾನೆ? ಇರ್ಲಿ ಬಿಡು, ಖಿಂಕಾಲಿ ಯಾರ್ ಮಾಡ್ತಾರೆ?"

"ನಾನು."

ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಸರಿ, ಬರ್ತೀನಿ," ಎಂದಳು, ಆಸ್ಪತ್ರೆಗೆ ಸೇರಲು ಒಪ್ಪಿದವಳ ಹಾಗೆ.

ಖಿಂಕಾಲಿ ಎಂದರೆ ಮಾಂಸ ತುಂಬಿದ ಕಡುಬು. ನೆರಿಗೆ ಹಿಡಿದು, ತಲೆಗೆ ಜುಟ್ಟು ಕಟ್ಟಿ, ಕುದಿಯುವ ನೀರಿಗೆ ಬಿಡಬೇಕು. ಒಳಗೆ ಬಿಸಿ ಸಾರು ಇರುತ್ತದೆ, ಆರಿದರೆ ಕೆಟ್ಟಿತು. ವರ್ಷಕ್ಕೊಂದರಂತೆ ಅರವತ್ತು ಖಿಂಕಾಲಿಗೆ ನೆರಿಗೆ ಹಿಡಿಯುವಷ್ಟರಲ್ಲಿ ನನ್ನ ಹೆಬ್ಬೆರಳುಗಳು ಕೆಲಸಕ್ಕೆ ರಾಜೀನಾಮೆ ಕೊಟ್ಟಿದ್ದವು. ಆದರೂ ನನ್ನ ಧೈರ್ಯ ಕುಂದಲಿಲ್ಲ. ನನ್ನ ಹತ್ತಿರ ಯೋಜನೆಯಿತ್ತು. ಬಡಿಸುವುದು ಲೆಫ್ತೆರಿಸ್, ತಟ್ಟೆ ತೆಗೆಯುವುದು ತಾತನ ಮಗ ಗೀವಿ ಮಾವ. ಗೀವಿ ಮಾವನ ಹೆಂಡತಿ ಎಲಿಸೋ ಅತ್ತೆ ಏಪ್ರನ್ ಹಿಡಿದುಕೊಂಡೇ ಬಂದಿದ್ದಳು. ಅದನ್ನು ಕಿತ್ತುಕೊಂಡು ಕುರ್ಚಿ ತೋರಿಸಿದೆ. ಇಂದು ಹೆಂಗಸರೆಲ್ಲ ಕೂರುತ್ತಾರೆ, ಇದು ತತ್ವದ ಪ್ರಶ್ನೆ ಎಂದೆ. (ತತ್ವ ಹೇಳುವವಳು ಕೂರುವುದು ಯಾವಾಗ ಎಂದು ಆಗ ಯಾರೂ ಕೇಳಲಿಲ್ಲ. ನಾನೂ ಕೇಳಿಕೊಳ್ಳಲಿಲ್ಲ.)

ಅಜ್ಜಿ ಕೂತಳು. ಕೂತಲ್ಲಿಂದಲೇ ಅಂಗೈಯಲ್ಲಿ ರೊಟ್ಟಿಯ ಪುಡಿ ಒಟ್ಟುಮಾಡಿದಳು. ಕೈಗೆಟುಕಿದ ಮೂರು ತಟ್ಟೆ ಒಂದರ ಮೇಲೊಂದು ಪೇರಿಸಿದಳು. ಪಕ್ಕದವನ ಎದೆಯ ಮೇಲಿದ್ದ ಅಕ್ರೋಟಿನ ಚೂರು ತೆಗೆದಳು. ಆದರೆ ಏಳಲಿಲ್ಲ.

ಶಾಂತಿ ಮುಗಿಯಿತು, ತಾಯ್ನಾಡು ಮುಗಿಯಿತು. ನಾನು ಗಡಿಯಾರ ನೋಡಿ ಹನ್ನೆರಡು ನಿಮಿಷ ಬೇಯಿಸಿ, ಹಬೆಯಾಡುವ ಅರವತ್ತು ಖಿಂಕಾಲಿಗಳ ಹರಿವಾಣವನ್ನು ಬಾಗಿಲಿಗೆ ತಂದು ಲೆಫ್ತೆರಿಸ್‌ಗೆ ಕಣ್ಸನ್ನೆ ಮಾಡಿದೆ. ಅವನು ಕದಲಲಿಲ್ಲ. ತಾತನ ಕಡೆ ಹುಬ್ಬು ಹಾರಿಸಿದ. ತೀರಿಹೋದವರ ಹಾರೈಕೆ ಶುರುವಾಗಿತ್ತು. ಗಂಡಸರೆಲ್ಲ ಗ್ಲಾಸು ಹಿಡಿದು ನಿಂತಿದ್ದರು. ಗೀವಿ ಮಾವನಂತೂ ಕಣ್ಣು ಮುಚ್ಚಿಕೊಂಡಿದ್ದ. ನಾನೇ ಹೋಗಿ ಹರಿವಾಣವನ್ನು ಮೇಜಿನ ಮೇಲಿಟ್ಟೆ.

"ಅಯ್ಯೋ, ಈಗ್ಯಾಕೆ ತಂದ್ಯೇ?" ಅಜ್ಜಿ ಪಿಸುಗುಟ್ಟಿದಳು. "ಅವನಿನ್ನೂ ಮುತ್ತಾತನ ಮದುವೆ ಕಥೆ ಹತ್ರಾನೇ ಇದ್ದಾನೆ!"

"ಹಾಗಂದ್ರೆ?"

"ಮುತ್ತಾತ ಕುದುರೆ ಹತ್ತಿದಾಗ ಎಸರಿಡಬೇಕು. ರಿಯೋನಿ ನದಿ ದಾಟಿದಾಗ ಖಿಂಕಾಲಿ ಬಿಡಬೇಕು. ದರೋಡೆಕೋರರು ಓಡಿಹೋದಾಗ ಇಳಿಸಿದ್ರೆ ಸರಿಯಾಗಿ ಬೆಂದಿರತ್ತೆ. ಇಷ್ಟೂ ಗೊತ್ತಿಲ್ವಾ?"

"ಲಾಮಾರಾ!" ಎಂದ ತಾತ, ಭಾಷಣ ನಿಲ್ಲಿಸಿ.

"ನೀನು ಮುಂದುವರಿಸು ವಾಲಿಕೋ. ಬೇಗ ಕುದುರೆ ಹತ್ಸು, ಆರ್ತಾ ಇದೆ."

ತಾತ ಗಣಿತದ ಮೇಷ್ಟ್ರಾಗಿದ್ದವನು. ಒಂದು ಮೆಟ್ಟಿಲೂ ಬಿಡುವವನಲ್ಲ. ದರೋಡೆಕೋರರು ಓಡಿಹೋಗಲು ಇಪ್ಪತ್ತೆರಡು ನಿಮಿಷ ಬೇಕಾಯಿತು. ಅಷ್ಟರಲ್ಲಿ ಖಿಂಕಾಲಿಗಳ ಮೇಲೆ ಕೊಬ್ಬು ಬೆಳ್ಳಗೆ ಗಟ್ಟಿಯಾಗಿ, ಅರವತ್ತು ಹಿಮಾಲಯಗಳು ತಲೆಯೆತ್ತಿದ್ದವು. ಅಜ್ಜಿ ಒಂದನ್ನು ಬೆರಳಿನಿಂದ ಒತ್ತಿ ನೋಡಿ, ಸತ್ತವರಿಗೆ ತೋರಿಸುವ ಮರ್ಯಾದೆಯಿಂದ ಕೈ ಹಿಂದೆ ತೆಗೆದಳು.

ಹೋಗಲಿ, ನನ್ನ ಗುರಿ ಖಿಂಕಾಲಿ ಆಗಿರಲಿಲ್ಲ. ಮಕ್ಕಳು, ಗೆಳೆಯರು, ನೆರೆಹೊರೆ ಎಲ್ಲ ಮುಗಿದು ಕೊನೆಗೂ ಹನ್ನೊಂದನೆಯದು ಬಂತು. ನಾನು ಕೈ ಒರೆಸಿಕೊಂಡು ಬಾಗಿಲಲ್ಲಿ ನಿಂತೆ.

ತಾತ ಎದ್ದ. ಅಭ್ಯಾಸದಂತೆ ಅಡುಗೆಮನೆ ಬಾಗಿಲಿಗೆ ಗ್ಲಾಸು ತೋರಿಸಿದ. ಅಲ್ಲಿ ನಾನಿದ್ದೆ. ಗಲಿಬಿಲಿಯಿಂದ ಗ್ಲಾಸನ್ನು ಪಕ್ಕಕ್ಕೆ ತಿರುಗಿಸಿದ. ಅಲ್ಲಿ ಅಜ್ಜಿ, ಕತ್ತೆತ್ತಿ ಅವನನ್ನೇ ನೋಡುತ್ತಿದ್ದಳು.

"ಮನೆಯ ಜ್ಯೋತಿ," ಎಂದು ಶುರುಮಾಡಿದ ತಾತ. "ಮೌನದ ಸಾಗರ. ತಾಳ್ಮೆಯ ಪರ್ವತ..."

"ಯಾರು?" ಎಂದಳು ಅಜ್ಜಿ.

"ನೀನೇ."

"ಮೊನ್ನೆ ನೀನು ಔಷಧಿ ಚೀಟಿ ಕಳ್ಕೊಂಡು ಬಂದಾಗ ನಿನ್ನ ಮೇಲೆ ತಟ್ಟೆ ಎಸೆದಿದ್ದು?"

"...ಅದೂ ನೀನೇ."

ಮೇಜಿನ ಸುತ್ತ ನಗು ಹಬ್ಬಿತು. ಗೋಡೆಗೆ, ಬಾಗಿಲಿಗೆ, ಗಂಡಸರಿಗೆ ಹೇಳಿ ಹೇಳಿ ನುಣುಪಾಗಿದ್ದ ಮಾತುಗಳು ಹೆಂಡತಿಯ ಮುಖ ನೋಡಿ ಹೇಳಹೋದರೆ ಮುಂದಕ್ಕೆ ಸಾಗಲಿಲ್ಲ. ಕೊನೆಗೆ ತಾತ, ತಮಾದಾಗಳು ಕಷ್ಟಕ್ಕೆ ಸಿಕ್ಕಾಗ ಮಾಡುವುದನ್ನೇ ಮಾಡಿದ: ಹಾರೈಕೆಯನ್ನು ಇನ್ನೊಬ್ಬರಿಗೆ ಒಪ್ಪಿಸಿಬಿಟ್ಟ. ಒಪ್ಪಿಸಿಕೊಂಡವರು ಅದನ್ನು ಮುಂದುವರಿಸಲೇಬೇಕು. ನಮ್ಮಲ್ಲಿ ಅದು ಕಾನೂನು. ಒಪ್ಪಿಸಿದ್ದು ಯಾರಿಗೆ? ಅಜ್ಜಿಗೆ.

ಅಜ್ಜಿ ಗ್ಲಾಸು ಹಿಡಿದು ಎದ್ದಳು.

"ಈ ಊರಿಗೆ ಬಂದ ಹೊಸದು," ಎಂದಳು. "ನಾನು ಎರಡು ಮನೇಲಿ ಹಾಸಿಗೆ ಹಿಡಿದ ಮುದುಕಿಯರನ್ನ ನೋಡ್ಕೊಳ್ತಿದ್ದೆ. ಮನೆಗೆ ಬಂದ್ರೆ ಕಾಲೆರಡೂ ಕಂಬ. ಇವನು ಮಾರ್ಕೆಟ್ಟಲ್ಲಿ ಕಿತ್ತಳೆ ಪೆಟ್ಟಿಗೆ ಹೊತ್ತು ನನಗಿಂತ ಒಂದು ಗಂಟೆ ಮುಂಚೆ ಬರ್ತಿದ್ದ. ಬಂದು, ಬಾಗಿಲಿಗೆ ಚಿಲಕ ಹಾಕಿ, ಪರದೆ ಎಳೆದು, ನನ್ನ ಏಪ್ರನ್ ಕಟ್ಕೊಂಡು ರಾಜ್ಮಾ ಬೇಯಿಸಿ ಇಡ್ತಿದ್ದ. ಎರಡು ವರ್ಷ! ಯಾರಿಗೂ ಹೇಳ್ಬೇಡ ಅಂತ ನನ್ನ ಹತ್ರ ಆಣೆ ಹಾಕಿಸ್ಕೊಂಡ."

"ಮತ್ತೆ ಈಗ್ಯಾಕೆ ಹೇಳ್ತಿದ್ದೀಯ?" ತಾತನ ಕಿವಿ ಕೆಂಪಾಗಿತ್ತು.

"ಇಷ್ಟು ದಿನ ಯಾರೂ ನನ್ನ ಕೈಗೆ ಗ್ಲಾಸು ಕೊಟ್ಟಿರ್ಲಿಲ್ಲ."

"ಅಪ್ಪಾ, ನೀನಾ?" ಗೀವಿ ಮಾವನ ಧ್ವನಿ ಒಡೆಯಿತು. "ಗಂಡಸು ಪಾತ್ರೆ ಮುಟ್ಟಿದ್ರೆ ಮೀಸೆ ಉದುರತ್ತೆ ಅಂದಿದ್ಯಲ್ಲ ನನ್ನ ಮದುವೇಲಿ!"

"ಇಪ್ಪತ್ತೆಂಟು ವರ್ಷದಿಂದ ಇವರು ಅದನ್ನೇ ನಂಬ್ಕೊಂಡು ಕೂತಿದ್ದಾರೆ," ಎಂದಳು ಎಲಿಸೋ ಅತ್ತೆ, ತಾತನನ್ನು ಸುಟ್ಟುಬಿಡುವಂತೆ ನೋಡುತ್ತ.

"ರಾಜ್ಮಾ ಸ್ವಲ್ಪ ತಳ ಹಿಡಿದಿರ್ತಿತ್ತು," ಅಜ್ಜಿ ಮುಂದುವರಿಸಿದಳು. "ಆದ್ರೆ ನಾನು ಬರೋ ಹೊತ್ತಿಗೆ ಬಿಸಿ ಇರ್ತಿತ್ತು. ಬಿಸಿಬಿಸಿ ಊಟ ನನಗೆ ಜೀವನದಲ್ಲಿ ಸಿಕ್ಕಿದ್ದು ಆ ಎರಡು ವರ್ಷ ಮಾತ್ರ. ನಿನ್ನ ಆರೋಗ್ಯಕ್ಕೆ, ವಾಲಿಕೋ."

ತಾತ ಅಳುತ್ತ ಕುಡಿದ. ನಾನೂ ಅತ್ತೆ. ಗೆದ್ದೆ ಅನ್ನಿಸಿತು.

ಅಲ್ಲಿಗೆ ಮುಗಿಸಿ ಎಲ್ಲರಿಗೂ ಕಾಫಿ ಕೊಟ್ಟಿದ್ದರೆ ನಾನು ಜಾಣೆ. ಆದರೆ ಅಜ್ಜಿ ಕೂರಲಿಲ್ಲ. "ಇನ್ನೊಂದು," ಎಂದಳು. ಅರವತ್ತು ವರ್ಷ ಒಳಗಿಟ್ಟುಕೊಂಡ ಹಾರೈಕೆಗಳು ಒಂದೊಂದಾಗಿ ಹೊರಬಂದವು. ಅವಳು ನೋಡಿಕೊಂಡಿದ್ದ ಮುದುಕಿಯರಿಗೆ, ಹೆಸರು ಹಿಡಿದು, ಒಬ್ಬೊಬ್ಬರಿಗೆ. ಕುತಾಯಿಸಿಯಲ್ಲಿ ಬಿಟ್ಟು ಬಂದ ಹೊಲಿಗೆ ಯಂತ್ರಕ್ಕೆ. ತನ್ನ ಮಂಡಿಗಳಿಗೆ, ಎಡದ್ದಕ್ಕೆ ಬೇರೆ, ಬಲದ್ದಕ್ಕೆ ಬೇರೆ. ತಾತನ ಬಾಯಿ ತೆರೆದೇ ಇತ್ತು. ಇಂಥ ತಮಾದಾ ನಮ್ಮ ಕುಲದಲ್ಲೇ ಹುಟ್ಟಿರಲಿಲ್ಲ. ತಮಾದಾ ಮಾತಾಡುವಾಗ ಯಾರೂ ಕದಲುವ ಹಾಗಿಲ್ಲವಲ್ಲ, ಹಾಗಾಗಿ ಯಾರೂ ಕದಲಲಿಲ್ಲ.

"ನಾತಿಯಾ," ಎಂದಳು ಅಜ್ಜಿ, ಗ್ಲಾಸು ಎತ್ತಿದಂತೆಯೇ. "ಹೇಗೂ ನಿಂತೇ ಇದ್ದೀಯ. ಈ ಖಿಂಕಾಲಿಗಳನ್ನ ಒಳಗೆ ಒಯ್ದು ಬೆಣ್ಣೇಲಿ ಹುರ್ಕೊಂಡು ಬಾ ಹೋಗು. ನಿಧಾನ ಉರಿ, ಎರಡೂ ಕಡೆ."

ಒಂದು ಬಾಣಲೆಗೆ ಹತ್ತೇ ಹಿಡಿಯುವುದು. ಆರು ಸಲ ಬೆಣ್ಣೆ ಹಾಕಿದೆ. ಆರು ಸಲವೂ ಅದು ಇಡೀ ಮನೆ ಕೇಳುವ ಹಾಗೆ ಚಟಪಟ ಸಿಡಿಯಿತು. ಐದನೆಯ ಸಲ ಸಿಡಿಯುತ್ತಿರುವಾಗ ಆಚೆಯಿಂದ ಏನೋ ಭಾರೀ ಸದ್ದು ಕೇಳಿಸಿತು: ಕುರ್ಚಿಗಳು ಹಿಂದೆ ಸರಿದವು, ಗ್ಲಾಸುಗಳು ತಾಗಿದವು, ಯಾರೋ ಬಿಕ್ಕಿದರು. ಕೊನೆಯ ಹತ್ತನ್ನು ಅರ್ಧಂಬರ್ಧ ಹುರಿದು, ಹರಿವಾಣ ಹಿಡಿದು ಓಡಿದೆ.

ಎಲಿಸೋ ಅತ್ತೆಯ ಕಾಡಿಗೆ ಕೆನ್ನೆಗಿಳಿದಿತ್ತು. ಗೀವಿ ಮಾವ ಮೂಗು ಒರೆಸುತ್ತಿದ್ದ.

"ಯಾರಿಗೆ ಕುಡಿದ್ರಿ?"

"ನಿನಗೇ ಕಣೇ!" ಲೆಫ್ತೆರಿಸ್ ನನ್ನನ್ನು ತಬ್ಬಿಕೊಂಡ. "ಅಜ್ಜಿ ನಿನ್ನ ಬಗ್ಗೆ ಎಂಥಾ ಮಾತು ಹೇಳಿದ್ರು ಗೊತ್ತಾ?"

"ಏನ್ ಹೇಳಿದ್ಳು?"

"ಮೊದಲು ನಿನ್ನ ಕೈ ಬಗ್ಗೆ ಏನೋ ಅಂದ್ರು. ಆಮೇಲೆ... ನನಗೆ ನಿಮ್ಮ ಭಾಷೆ ಅಷ್ಟು ಬರಲ್ವಲ್ಲ. ಆದ್ರೆ ಅಳು ತಡೆಯೋಕೆ ಆಗ್ಲಿಲ್ಲ."

"ಮಾವ, ನೀನಾದ್ರೂ ಹೇಳು."

"ಅಂಥ ಮಾತನ್ನ ಎರಡನೇ ಸಲ ಹೇಳೋಕಾಗಲ್ಲಮ್ಮ," ಎಂದು ಗೀವಿ ಮಾವ ಮತ್ತೆ ಬಿಕ್ಕಿದ.

ನಾನು ಅಜ್ಜಿಯ ಕಡೆ ತಿರುಗಿದೆ. ಅವಳು ಕುರ್ಚಿಗೆ ಪೂರ್ತಿ ಒರಗಿ, ಕಾಲು ಚಾಚಿ, ಹುರಿದ ಖಿಂಕಾಲಿಯೊಂದನ್ನು ಬಾಯಿಗಿಟ್ಟು ನಿಧಾನವಾಗಿ ಅಗಿಯುತ್ತಿದ್ದಳು.

"ಅಜ್ಜಿ, ನನಗೆ ಕೇಳಿಸ್ಲೇ ಇಲ್ಲ."

"ಬಂದು ನಮ್ಮ ಜೊತೆ ಕೂತ್ಕೋಬಾರದಿತ್ತಾ, ಹುಚ್ಚು ಹುಡುಗಿ?" ಎಂದಳು ಅಜ್ಜಿ, ಖಾಲಿ ತಟ್ಟೆಯನ್ನು ನನ್ನ ಕೈಗಿಡುತ್ತ. "ನಿನ್ನನ್ನ ಯಾರು ಬೇಡ ಅಂದಿದ್ರು?"