ಚಿಕ್ಕಮ್ಮನ ಹೆಣ್ಣು ನೊಣ

ನಮ್ಮ ಚಿಕ್ಕಮ್ಮ ಮನೆಗೆ ಬಂದ ನೆಂಟರನ್ನು ಕೂರಿಸಲು ಮರೆತಾಳು, ಬಂದ ನೊಣವನ್ನು ಮಾತ್ರ ಹಾಗೇ ಕಳಿಸಿದವಳಲ್ಲ! ನೊಣ ಕಂಡರೆ ಎಲ್ಲರೂ ಓಡಿಸುತ್ತಾರೆ. ನಾಗಸಂದ್ರದ ಈ ಮನೆಯಲ್ಲಿ ಮಾತ್ರ ಫ್ಯಾನ್ ಆಫ್ ಮಾಡಿ, ಎಲ್ಲರೂ ಅಲ್ಲಾಡದೆ ಕೂರಬೇಕು. ಅದು ಯಾವ ಕುಲದ್ದು, ಯಾರ ಹೊಟ್ಟೆಯೊಳಗೆ ಬೆಳೆದದ್ದು ಎಂಬ ವಿಚಾರಣೆ ಮುಗಿಯುವವರೆಗೆ ಸೆಕೆಯಲ್ಲಿ ಬೇಯಬೇಕು. ನನ್ನನ್ನು ನೋಡಲು ಬಂದ ಗಂಡನ್ನೂ ನಮ್ಮ ಮನೆಯವರು ಇಷ್ಟು ಕೂಲಂಕಷವಾಗಿ ವಿಚಾರಿಸಿರಲಿಲ್ಲ. ವಿಚಾರಿಸಿದ್ದರೆ ಚೆನ್ನಾಗಿತ್ತು, ಬಿಡಿ.

ಪೀಣ್ಯದ ಕಾರ್ಖಾನೆಯೊಂದರಲ್ಲಿ ಬೇರಿಂಗುಗಳನ್ನು ಭೂತಗನ್ನಡಿಯಲ್ಲಿ ನೋಡಿ, ಕೂದಲೆಳೆಯಷ್ಟು ಗೀರಿದ್ದರೂ "ರಿಜೆಕ್ಟ್" ಎಂದು ಪಕ್ಕಕ್ಕಿಡುವುದು ಅವಳ ಕೆಲಸವಾಗಿತ್ತು. ನಿವೃತ್ತಿಯಾದ ಮೇಲೆ ಆ ಕಣ್ಣಿಗೆ ಕೆಲಸ ಬೇಡವೇ? ಮೊದಲ ಕೆಲವು ತಿಂಗಳು ನಮ್ಮನ್ನೇ ರಿಜೆಕ್ಟ್ ಮಾಡುತ್ತಾ ಕಾಲ ಕಳೆದಳು. ನನ್ನ ಚಪಾತಿಯ ಅಂಚು, ನನ್ನ ಗಂಡನ ಮೀಸೆಯ ಎಡಭಾಗ, ಯಾವುದೂ ಪಾಸಾಗಲಿಲ್ಲ.

ಅಷ್ಟರಲ್ಲಿ ಕುಂಡದ ಕರಿಬೇವಿನಲ್ಲೊಂದು ಹಸಿರು ಹುಳು ಕಾಣಿಸಿತು. ಚಿಟ್ಟೆಯಾಗುತ್ತದೆ ಎಂದು ಯಾರೋ ಹೇಳಿದರು. ಉಪ್ಪಿನಕಾಯಿ ಬಾಟಲಿ ತೊಳೆದು ಅದರಲ್ಲಿಟ್ಟು, ದಿನಾ ಎಳೆಯ ಎಲೆ ಹಾಕಿ ಸಾಕಿದಳು. ಹುಳು ಗೂಡು ಕಟ್ಟಿತು. ಒಂದು ಬೆಳಿಗ್ಗೆ ನನಗೆ ಫೋನು.

"ಮೋಸ ಕಣೇ! ಸಾಕಿದ್ದು ಚಿಟ್ಟೆ, ಆಚೆ ಬಂದಿದ್ದು ನೊಣ! ಮೈಯೆಲ್ಲಾ ಮುಳ್ಳುಮುಳ್ಳು ಕೂದಲು!"

"ಮುಚ್ಚಳ ಸರಿಯಾಗಿ ಹಾಕಿರಲ್ಲ ನೀನು."

"ಮೂವತ್ತು ವರ್ಷ ಇನ್‌ಸ್ಪೆಕ್ಷನ್‌ನಲ್ಲಿದ್ದೋಳಿಗೆ ಮುಚ್ಚಳ ಹಾಕೋದು ಹೇಳ್ಕೊಡ್ತೀಯಾ?"

ಅದು ಪರಾವಲಂಬಿ ನೊಣ. ಹುಳುವಿನ ಮೈಮೇಲೆ ಮೊಟ್ಟೆಯಿಡುತ್ತದೆ, ಮರಿ ಅದನ್ನು ಒಳಗಿನಿಂದಲೇ ತಿಂದು ಬೆಳೆಯುತ್ತದೆ. ಇದು ತಿಳಿದಾಗ ಯಾರಿಗಾದರೂ ಅಸಹ್ಯವಾಗಬೇಕು ತಾನೇ? ಚಿಕ್ಕಮ್ಮ ಭೂತಗನ್ನಡಿ ಹಿಡಿದು, "ಏನ್ ಫಿನಿಶಿಂಗೇ ಇದು!" ಎಂದಳು. ಅಲ್ಲಿಂದ ನಮ್ಮ ಕಥೆ ಮುಗಿಯಿತು.

ಒಮ್ಮೆ ಮೆಟ್ರೋ ಸ್ಟೇಷನ್ನಿನಲ್ಲಿ ಅವಳ ಬ್ಯಾಗು ತಪಾಸಣೆಗೆ ನಿಂತಿತು. ಸೆಕ್ಯೂರಿಟಿಯವನು ಒಂದೊಂದೇ ಪುಟ್ಟ ಶೀಷೆ ಎತ್ತಿ ನೋಡಿದ.

"ಏನ್ ಮೇಡಂ ಇದು?"

"ನೊಣ."

"ಎಲ್ಲಾ ಸತ್ತಿವೆಯಾ?"

"ಒಂದು ಬದುಕಿದೆ."

ಅವನು ನಗಲೇ ಇಲ್ಲ. "ಹಂಗಾದ್ರೆ ಅದಕ್ಕೊಂದು ಟೋಕನ್ ತಗೊಳ್ಳಿ." ಚಿಕ್ಕಮ್ಮ ನಿಜವಾಗಿಯೂ ಕೌಂಟರಿನತ್ತ ತಿರುಗಿದಳು! ನಾನು ಕೈ ಹಿಡಿದು ಎಳೆದುಕೊಂಡು ಹೋಗಬೇಕಾಯಿತು.

ಕಳೆದ ವರ್ಷ ಮನೆ ಹಿಂದಿನ ಖಾಲಿ ಸೈಟಿನಲ್ಲಿ, ತುಂಬೆ ಹೂವಿನ ಮೇಲೆ, ಕಣಜದಂತೆ ಕಾಣುವ ಒಂದು ನೊಣ ಸಿಕ್ಕಿತು. ಹಾರುತ್ತಿರುವ ಜೇನಿನ ಮೇಲೆ ಎರಗಿ, ಗಾಳಿಯಲ್ಲೇ ಅದರ ಹೊಟ್ಟೆಯೊಳಗೆ ಮೊಟ್ಟೆ ತೂರಿಸುವ ಜಾತಿಯಂತೆ. ನೊಣಗಳನ್ನೇ ಓದಿದ ವಿಜ್ಞಾನಿಯೊಬ್ಬರಿಗೆ ಕಳಿಸಿದಳು. ಉತ್ತರ ಬಂತು: "ಬಹಳ ಅಪರೂಪದ್ದು. ಆದರೆ ಇದು ಗಂಡು. ಹೆಣ್ಣು ಸಿಕ್ಕರೆ ಮಾತ್ರ ಯಾವುದೆಂದು ಖಚಿತವಾಗಿ ಹೇಳಬಹುದು." ಈ ವರ್ಷ ತುಂಬೆ ಹೂಬಿಟ್ಟ ದಿನದಿಂದ ಚಿಕ್ಕಮ್ಮ ವಧು ಹುಡುಕುತ್ತಾ ಸೈಟಿನಲ್ಲೇ ನಿಂತಳು.

ಸೈಟಿನ ಯಜಮಾನರು ಹಿಂದೆ ಅಲ್ಲಿ ರಾಗಿ ಬೆಳೆದ ಗೌಡರು. ಈಗ ಬಾಡಿಗೆ ಮನೆ ಕಟ್ಟಿಸಲು ಹೊರಟಿದ್ದರು. ಒಂದು ದಿನ ಜೆಸಿಬಿ ಜೊತೆಗೇ ಬಂದರು.

"ಏನಕ್ಕಾ, ಇಂಗೆ ಬಿಸ್ಲಲ್ಲಿ ನಿಂತಿದ್ದೀರಿ? ಉಂಗ್ರ ಗಿಂಗ್ರ ಬಿದ್ದೋಯ್ತಾ?"

"ನೊಣ ಕಾಯ್ತಿದ್ದೀನಿ ಗೌಡ್ರೇ."

"ನಮ್ ಕೊಟ್ಟಿಗೇಗ್ ಬನ್ನಿ, ಬೇಕಾದಷ್ಟು ಕೊಡ್ತೀನಿ!"

ಚಿಕ್ಕಮ್ಮ ಅಲ್ಲೇ ನಿಲ್ಲಿಸಿಕೊಂಡು ಇಡೀ ಪುರಾಣ ಹೇಳಿದಳು. ಗೌಡರು ಬಾಯಿ ತೆರೆದು ಕೇಳಿದರು. "ಆರೋ ಜೇನಿನ ಒಟ್ಟೆಗಾ? ಅಬ್ಬಾ ಕಿಲಾಡಿ!" ಆಮೇಲೆ ಡ್ರೈವರಿಗೆ ಕೈ ಮಾಡಿದರು. "ಸೋಮ್ವಾರದ ತಂಕ ನಿಲ್ಸು ಗುರೂ. ಆದ್ರೆ ಅಕ್ಕಾ, ಆಮೇಲೆ ನಿಮ್ ನೊಣಾನೇ ಬಂದು ಕಾಲಿಡಿದ್ರೂ ನಾನ್ ಕೇಳಕ್ಕಿಲ್ಲ."

ಭಾನುವಾರ ಮಧ್ಯಾಹ್ನ. ಕೊಡೆ ಹಿಡಿಯುವ ಕೆಲಸ ನನ್ನದು. ಬಲೆ ಹಿಡಿದ ಚಿಕ್ಕಮ್ಮ ಕದಲದೆ ನಿಂತಿದ್ದಳು. ಅವಳ ಎದುರಿನ ಹೂವಿನ ಮೇಲೇ ಕಣಜದಂಥ ಆ ನೊಣ ಬಂದು ಕೂತಿತು. ಮೊಳದಷ್ಟು ದೂರ! ಅವಳು ಬಲೆ ಬೀಸಲಿಲ್ಲ.

"ಚಿಕ್ಕಮ್ಮಾ, ಮುಂದೇನೇ ಇದೆ!"

"ಯಾವ್ ಕಡೆ?" ಅವಳ ದನಿ ಸಣ್ಣದಾಗಿತ್ತು. "ನಂಗೆ ಕಾಣ್ತಿಲ್ಲ ಕಣೇ. ಎರಡು ತಿಂಗಳಾಯ್ತು. ಎಲ್ಲಿ ನೋಡ್ತೀನೋ ಅಲ್ಲೇ ಮಬ್ಬು, ಸುತ್ತ ಮಾತ್ರ ಕಾಣತ್ತೆ. ಡಾಕ್ಟ್ರು ಇನ್ನು ಸರಿಹೋಗಲ್ಲ ಅಂದ್ರು. ನಿಮಗೆಲ್ಲ ಹೇಳೋಣ ಅಂತಾನೇ ಇದ್ದೆ. ನೀನ್ ಹೇಳು, ಯಾವ್ ಕಡೆ?"

ನಾನು ಕೊಡೆ ಕೆಳಗಿಟ್ಟು ಅವಳ ಬೆನ್ನ ಹಿಂದೆ ನಿಂತೆ.

"ಎಡಕ್ಕೆ. ಇನ್ನೂ ಸ್ವಲ್ಪ. ಕೆಳಗೆ... ಈಗ!"

ಬಲೆ ಬೀಸಿದಳು. ಸಿಕ್ಕಿತು!

ಶೀಷೆಗೆ ಹಾಕಿ, ಭೂತಗನ್ನಡಿಯನ್ನು ನನ್ನ ಕೈಗೆ ಕೊಟ್ಟಳು. "ಹೊಟ್ಟೆ ಕೆಳಗೆ ಕೊಕ್ಕೆ ಥರ ಏನಾದ್ರೂ ಇದೆಯಾ? ಡಬ್ಬಿ ಮುಚ್ಚಳ ಮೀಟೋ ಹಾಗೆ?"

"ಇದೆ."

"ಹೆಣ್ಣೇ!" ಎಂದು ತುಂಬೆಗಿಡಗಳ ನಡುವೆ ನೆಲದ ಮೇಲೇ ಕೂತುಬಿಟ್ಟಳು. ಆ ವಿಜ್ಞಾನಿಯೂ ಆಮೇಲೆ ಹೌದೆಂದರು. ಆದರೆ ಆಗ ಅವಳಿಗೆ ಅದು ಬೇಕಾಗಿರಲಿಲ್ಲ.

"ನೋಡೋಕೆ ಹೇಗಿದೆಯೇ?" ಎಂದಳು.

ನಾನೂ ಪಕ್ಕದಲ್ಲಿ ಕೂತೆ. "ಮುಖ ಅರಿಶಿನ ಹಚ್ಚಿದ ಹಾಗಿದೆ ಚಿಕ್ಕಮ್ಮ. ಕಣ್ಣು ಹುಣಸೆಬೀಜದ ಬಣ್ಣ, ಹಾಗೇ ಹೊಳೀತಿದೆ. ಸೊಂಟ ಸಣ್ಣ. ರೆಕ್ಕೆಗೆ ಕಂದು ಅಂಚು, ಸೀರೆಗಿರೋ ಥರ."

"ಅಂಚು ಎಷ್ಟು ಅಗಲ?"

ನಾನು ಬಿಸಿಲಿಗೆ ಹಿಡಿದು ಮತ್ತೆ ನೋಡಿದೆ.

"ನಿಧಾನವಾಗಿ ನೋಡಿ ಹೇಳು," ಎಂದು ಅವಳು ಕಣ್ಣು ಮುಚ್ಚಿಕೊಂಡಳು.