ಕೆಲ್ವಿನ್‌ನ ಕುರ್ಚಿಗಳು ಬೀದಿಗೆ ಬಂದದ್ದು

ಡಲ್ಸಿಯ ಗಂಡ ಕೆಲ್ವಿನ್‌ಗೆ ಸ್ಫೂರ್ತಿ ಕಟ್ಟಿಕೊಂಡಿತ್ತು. ಹೊಟ್ಟೆ ಕಟ್ಟಿಕೊಂಡಿದ್ದರೆ ಡಾಕ್ಟರು ಒಂದು ಗುಳಿಗೆ ಕೊಡುತ್ತಿದ್ದರು. ಇದಕ್ಕೆ ಮದ್ದೆಲ್ಲಿದೆ?

ಸಿಡ್ನಿಯ ದಕ್ಷಿಣಕ್ಕಿರುವ ಕೊರಿಂಬಾ ಊರಲ್ಲಿ ಉಕ್ಕಿನ ಕಾರ್ಮಿಕರ ಮೆರವಣಿಗೆಗಳಿಗೆಲ್ಲ ಬ್ಯಾನರ್ ಬರೆದು ಮುದುಕನಾದವನು ಅವನು. ಈಗ ನಗರಸಭೆ ಊರಿನ ಈಜುಕೊಳವನ್ನು ಹೋಟೆಲಿನವರಿಗೆ ಧಾರೆ ಎರೆಯಲು ಹೊರಟಿತ್ತು. ಕಡಲ ಬಂಡೆ ಕಡಿದು ಕಟ್ಟಿದ ಕೊಳ. ಅಲೆ ಬಂದು ತುಂಬುತ್ತದೆ, ಜನ ಬಿಟ್ಟಿಯಾಗಿ ಮುಳುಗೇಳುತ್ತಾರೆ. ಶನಿವಾರ ಪ್ರತಿಭಟನೆ. ಬ್ಯಾನರ್ ಇಲ್ಲದ ಮೆರವಣಿಗೆಗೂ ಶವಯಾತ್ರೆಗೂ ಏನು ವ್ಯತ್ಯಾಸ? ಇಂಥ ಹೊತ್ತಲ್ಲಿ ನಮ್ಮ ಕ್ರಾಂತಿಕಾರಿ ಗ್ಯಾರೇಜಿನಲ್ಲಿ ಬಿಳಿ ಬಟ್ಟೆಯ ಮುಂದೆ ಕೂತು ಚಹಾ ಹೀರುತ್ತಿದ್ದ.

ತಡೆಯಲಾರದೆ ಡಲ್ಸಿ ಅವನನ್ನು ಜೂನಿಪರ್ ಎಂಬಾಕೆಯ ತರಗತಿಗೆ ಅಟ್ಟಿದಳು. ಆಕೆ ಕಲಾವಿದರ ಮನಸ್ಸಿನ ಗಂಟನ್ನು ಆಟವಾಡಿಸಿ ಬಿಚ್ಚುವವಳಂತೆ.

"ಏನು ಹೇಳ್ಕೊಟ್ಲು?" ಎಂದು ಅವನು ಮನೆಗೆ ಬಂದೊಡನೆ ಕೇಳಿದಳು.

"ಅಲೆ ಥರ ಕುಣಿ ಅಂದ್ಲು. ಕುಂಚಕ್ಕೆ ಲಾಲಿ ಹಾಡು ಅಂದ್ಲು. ಜೇಡಿಮಣ್ಣಲ್ಲಿ ನಿನ್ನ ಭಯದ ಮೂತಿ ಮಾಡು ಅಂದ್ಲು. ಮಾಡ್ದೆ."

"ಹೆಂಗೆ ಬಂತು?"

"ಥೇಟ್ ನಿನ್ನ ಥರಾನೇ ಬಂತು."

ಶುಕ್ರವಾರಕ್ಕೆ ಹೋಂವರ್ಕೂ ಇತ್ತು: ಪೀಠೋಪಕರಣಗಳನ್ನು ಬಯಲಲ್ಲಿ ತಲೆಕೆಳಗಿಟ್ಟು, ಕಣ್ಣಿಗೆ ಬಟ್ಟೆ ಕಟ್ಟಿಕೊಂಡು, ಅವುಗಳ ಕಾಲುಗಳ ನಡುವಿನ ಶೂನ್ಯವನ್ನು ಎಡಗೈಯಲ್ಲಿ ಬಿಡಿಸಬೇಕು. ಡಲ್ಸಿ ಕರಪತ್ರ ಹಂಚಲು ಹೋಗಿದ್ದಳು. ಜನ್ಮದಲ್ಲಿ ಯಾವ ಮೇಸ್ತ್ರಿಯ ಮಾತನ್ನೂ ಕೇಳದ ಕೆಲ್ವಿನ್ ಜೂನಿಪರಳ ಮಾತು ಕೇಳಿದ. ಮೇಜು, ಕುರ್ಚಿ, ಸೋಫಾಗಳನ್ನು ಮನೆ ಮುಂದಿನ ಹುಲ್ಲಿಗೆ ಹೊತ್ತುಹಾಕಿ, ಕಾಲು ಮೇಲೆ ಮಾಡಿ, ಹೆಂಡತಿಯ ಸ್ಕಾರ್ಫನ್ನು ಕಣ್ಣಿಗೆ ಬಿಗಿದು ಕೂತ.

ಅದು ದೊಡ್ಡ ಕಸದ ವಾರ. ಊರವರೆಲ್ಲ ಬೇಡದ ಸಾಮಾನನ್ನು ಹುಲ್ಲಿನ ಮೇಲೆ ಗುಡ್ಡೆ ಹಾಕುತ್ತಾರೆ. ನಗರಸಭೆಯ ಲಾರಿ ಬರುವ ಮೊದಲು ಬೇಕಾದವರು ಬೇಕಾದ್ದನ್ನು ಒಯ್ಯುತ್ತಾರೆ. ಕೇಳುವ ರೂಢಿಯೇ ಇಲ್ಲ. (ಕೇಳಿದರೆ ಕೊಟ್ಟವರಿಗೇ ಮುಜುಗರ.)

ಸುತ್ತ ಹೆಜ್ಜೆ ಸದ್ದು, ಏದುಸಿರು. ಸ್ಫೂರ್ತಿ ಬರುತ್ತಿದೆ ಎಂದುಕೊಂಡ ಕೆಲ್ವಿನ್.

"ಪಾಪ, ಮುದುಕ ಕಣ್ಣಿಗೆ ಬಟ್ಟೆ ಕಟ್ಕೊಂಡಿದಾನೆ. ಸಾಮಾನು ಹೋಗೋದನ್ನ ನೋಡಕ್ಕಾಗ್ತಿಲ್ಲ ಅವನಿಗೆ," ಎಂದಿತು ಒಂದು ಹೆಣ್ಣುದನಿ.

ಕಣ್ಣಿನ ಬಟ್ಟೆ ಬಿಚ್ಚಿದಾಗ ಶೂನ್ಯ ಸಾಕ್ಷಾತ್ಕಾರವಾಗಿತ್ತು. ಎದುರಿಗೆ ಡಲ್ಸಿ ನಿಂತಿದ್ದಳು.

"ಸೋಫಾ ಎಲ್ಲಿ?"

"ಅದು... ಅಭ್ಯಾಸ ಮಾಡ್ತಿದ್ದೆ ಕಣೆ."

"ನಿನ್ನ ಅಭ್ಯಾಸಕ್ಕಿಷ್ಟು ಬೆಂಕಿ ಹಾಕ! ಇನ್ಮೇಲೆ ಎಲ್ಲಿ ಕೂರಲಿ, ನಿನ್ನ ತಲೆ ಮೇಲಾ?"

ಡಲ್ಸಿ ಗ್ಯಾರೇಜಿಗೆ ನುಗ್ಗಿ ಕೈಗೆ ಸಿಕ್ಕ ಬಟ್ಟೆಯನ್ನು ಎಳೆದಳು.

"ಅಯ್ಯೋ, ಅದು ಬ್ಯಾನರಿಂದು!"

"ಇಷ್ಟು ದಿನ ಅದರ ಮೇಲೆ ಏನು ಕಿಸಿದಿದ್ದೆ?"

ಪೊರಕೆಯನ್ನು ಕೆಂಪು ಬಣ್ಣಕ್ಕದ್ದಿ ಆಳೆತ್ತರದ ಅಕ್ಷರಗಳಲ್ಲಿ ಬರೆದು ಬೇಲಿಗೆ ತೂಗುಹಾಕಿದಳು: 'ನಮ್ಮದನ್ನು ನಮಗೆ ಕೊಡಿ, ಕಳ್ಳ ನನ್ಮಕ್ಕಳಾ!'

ಸಂಜೆ ಬ್ಯಾನರ್ ಒಯ್ಯಲು ಹೋರಾಟ ಸಮಿತಿಯವರು ಬಂದರು. ಓದಿದರು. ಒಬ್ಬನ ಕಣ್ಣಲ್ಲಿ ನೀರೇ ಬಂತು. "ಕೆಲ್ವಿನ್, ಇಂಥದ್ದು ನೀನು ಜನ್ಮದಲ್ಲಿ ಬರ್ದಿಲ್ಲ ಬಿಡು!"

"ನಿಜ," ಎಂದ ಕೆಲ್ವಿನ್.

ಶನಿವಾರ ಇಡೀ ಊರು ಅದರ ಹಿಂದೆ ನಡೆಯಿತು. ಬರೆದವಳು ಯಾರೆಂದು ಗೊತ್ತಾಗಿ, ಮುಂದಿನ ಬ್ಯಾನರುಗಳನ್ನೆಲ್ಲ ಡಲ್ಸಿಯೇ ಬರೆಯಬೇಕೆಂದು ನಡುರಸ್ತೆಯಲ್ಲೇ ಠರಾವಾಯಿತು. ಕೆಲ್ವಿನ್‌ಗೆ ಬ್ಯಾನರಿನ ಕೋಲು ಹಿಡಿಯುವ ಕೆಲಸ ಸಿಕ್ಕಿತು. ಇನ್ನೊಂದು ಕೋಲು ಹಿಡಿದಿದ್ದ ನೆರೆಮನೆಯ ಸ್ಟಾವ್ರೋಸ್, "ಕಳ್ಳ ನನ್ಮಕ್ಕಳಾ!" ಎಂದು ಎಲ್ಲರಿಗಿಂತ ಜೋರಾಗಿ ಕೂಗುತ್ತಿದ್ದ. ನಡುವೆ ಇತ್ತ ಬಾಗಿ, "ನಿನ್ನ ಸೋಫಾ ಮಾತ್ರ ಸುಖವಾಗಿದೆ ಕಣಯ್ಯ," ಎಂದ.

"ಅದು ನಮ್ದು! ವಾಪಸ್ ಕೊಡೋ!"

ಸ್ಟಾವ್ರೋಸ್ ಹೌಹಾರಿದ. "ನಮ್ದು, ನಿಮ್ದು ಅನ್ನೋದೇ ದೊಡ್ಡ ರೋಗ ಅಂತ ಇಷ್ಟು ವರ್ಷ ನಮಗೆ ಭಾಷಣ ಬಿಗಿದವನು ನೀನೇ ಅಲ್ವೇನಯ್ಯ ಕಾಮ್ರೇಡ್?"

ಕೆಲ್ವಿನ್ ಕೋಲನ್ನು ಇನ್ನಷ್ಟು ಎತ್ತರಕ್ಕೆ ಹಿಡಿದ.